ನೀಲಿ ಲೋಟದ ಊರು

ನಮ್ಮ ಯಜಮಾನರು ಪ್ರಪಂಚವನ್ನೆಲ್ಲ ಸುತ್ತಿದ್ದಾರೆ, ಆದರೆ ಒಂದು ಊರನ್ನೂ ನೋಡಿಲ್ಲ. ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ಹೇಳಿದ ಪುಣ್ಯಾತ್ಮರು ನಮ್ಮವರನ್ನು ಕಂಡಿರಲಿಕ್ಕಿಲ್ಲ. ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಫಿಟ್ಟರ್ ಆಗಿ ಸೇರಿದವರು ತಲೆ ನರೆಯುವ ತನಕ ಅಲ್ಲೇ ದುಡಿದರು. ಎಲ್ಲಿ ಎತ್ತರದ ಕಟ್ಟಡ ಎದ್ದರೂ ಕಂಪನಿ ಇವರನ್ನು ಅಲ್ಲಿಗೆ ಕಳಿಸುತ್ತಿತ್ತು. ವಿಮಾನ ಇಳಿಯುವುದು, ವ್ಯಾನಿನ ಹಿಂಬದಿಯಲ್ಲಿ ಪೆಟ್ಟಿಗೆಗಳ ನಡುವೆ ಕೂರುವುದು, ಕಟ್ಟಡದ ಹೊಟ್ಟೆಯೊಳಗೆ ಇಳಿಯುವುದು. ಕೆಲಸ ಮುಗಿದ ಮೇಲೆ ಮತ್ತೆ ಅದೇ ವ್ಯಾನು, ಅದೇ ವಿಮಾನ. ಲಿಫ್ಟ್ ಓಡಾಡುವ ಆ ಕತ್ತಲೆ ಬಾವಿಗೆ ಶಾಫ್ಟ್ ಎನ್ನುತ್ತಾರಂತೆ. ಹತ್ತಾರು ದೇಶಗಳ ಶಾಫ್ಟುಗಳನ್ನು ಇವರು ಬಲ್ಲರು, ಒಂದು ದೇಶದ ಬೀದಿಯನ್ನೂ ಅರಿಯರು.

ಇನ್ನು ನಾವಿರುವ ಮನೆಯ ಕಥೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವ ಗಾದೆಯನ್ನು ನಾನು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ದಿನಕ್ಕೆರಡು ಸಲ ನೆನೆಯುತ್ತೇನೆ. ಒಂದು ಸಲ ಇವರಿಗೆ ಕೇಳಿಸುವ ಹಾಗೆಯೇ ಹೇಳಿದ್ದೆ. "ಈ ಕಟ್ಟಡದಲ್ಲಿ ಶಾಫ್ಟಿಗೆ ಜಾಗ ಬಿಟ್ಟಿಲ್ಲ ಕಣೇ" ಎಂದು ಪಕ್ಕಕ್ಕೆ ಹೊರಳಿ ಮಲಗಿದರು.

ಇವರ ಕೆಲಸದಲ್ಲೊಂದು ಪರೀಕ್ಷೆ ಉಂಟು. ಲಿಫ್ಟ್ ಸಿದ್ಧವಾದ ದಿನ ಅದರ ನೆಲದ ಮೇಲೆ ಒಂದು ಲೋಟ ಇಟ್ಟು, ಇನ್ನೊಂದು ಹನಿ ಹಾಕಿದರೆ ಚೆಲ್ಲುತ್ತದೆ ಎನ್ನುವಷ್ಟು ನೀರು ತುಂಬುತ್ತಾರೆ. ಆಮೇಲೆ ಕೆಳಗಿನಿಂದ ತುದಿಯ ತನಕ ಹೋಗಿ ಬರುವುದು. ಚೆಲ್ಲದಿದ್ದರೆ ಕೆಲಸ ಪಾಸು. ಚೆಲ್ಲಿದರೆ ಬಿಚ್ಚು, ಬಿಗಿ ಮಾಡು, ಮತ್ತೆ ನೀರು ತುಂಬು. ಇದು ಕಂಪನಿಯ ನಿಯಮವಲ್ಲ, ಇವರಿಗೆ ಕೆಲಸ ಕಲಿಸಿದ ಹಿರಿಯರು ಹಾಕಿಕೊಟ್ಟ ಪದ್ಧತಿ. ಪಾಸಾದ ಲೋಟವನ್ನು ಅಲ್ಲೇ ಬಿಡಬಾರದಂತೆ, ಮನೆಗೆ ತರಬೇಕಂತೆ. ಬೇರೆಯವರ ಗಂಡಂದಿರು ಪರದೇಶದಿಂದ ಸೆಂಟು ತಂದರು, ವಾಚು ತಂದರು, ಇವರು ನನಗೆ ಒಂಟಿ ಲೋಟ ತಂದರು. ಜೋಡಿಯಾಗಿದ್ದರೆ ಬಂದವರಿಗೆ ಕಾಫಿಯನ್ನಾದರೂ ಮರ್ಯಾದೆಯಿಂದ ಕೊಡಬಹುದಿತ್ತು.

ಊರುಗಳ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಇವರ ನಾಲಿಗೆಗೂ ಅಷ್ಟೆ, ಆದರೆ ಇವರು ನಾಲಿಗೆಗೆ ಕೆಲಸ ಕೊಡುವವರೇ ಅಲ್ಲವಾದ್ದರಿಂದ ಅದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಊರಿಗೆ ಲೋಟದ ಹೆಸರೇ ನಿಂತಿತು. ದಪ್ಪ ತಳದ ಲೋಟದ ಊರು, ಚಿನ್ನದ ಅಂಚಿನ ಊರು, ಕಿವಿ ಮುರಿದ ಮಗ್ಗಿನ ಊರು. ಪ್ರತಿ ಸಲ ಇವರು ಬಂದಾಗಲೂ ನಾನು ಆಸೆಯಿಂದ ಕೇಳುತ್ತಿದ್ದೆ.

"ಊರು ಹೇಗಿತ್ತು ರೀ?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ?"

"ಶಾಫ್ಟು ನೇರ ಇತ್ತು."

ಇಂಥ ಗಂಡನನ್ನು ಕಟ್ಟಿಕೊಂಡವಳು ಎರಡೇ ಕೆಲಸ ಮಾಡಬಹುದು: ಬಾಯಿ ಮುಚ್ಚಿಕೊಂಡು ಕೂರಬಹುದು, ಇಲ್ಲವೇ ತಾನೇ ಊರು ಕಟ್ಟಬಹುದು. ಬಾಯಿ ಮುಚ್ಚಿಕೊಂಡು ಕೂರುವುದು ನಮ್ಮ ತವರಿನವರ ರಕ್ತದಲ್ಲೇ ಇಲ್ಲ.

ನಮ್ಮ ಮನೆಯ ಬಾಗಿಲ ಎದುರಿಗೆ ಮೆಟ್ಟಿಲು ತಿರುಗುವ ಜಾಗ ಸ್ವಲ್ಪ ಅಗಲವಾಗಿದೆ. ಕಿಟಕಿಯಿಂದ ಗಾಳಿ ಬರುತ್ತದೆ. ಅಲ್ಲೊಂದು ಬೆಂಚು ಹಾಕಿಸಿದೆ. ಮಧ್ಯಾಹ್ನ ಎರಡನೆಯ ಮಹಡಿಯ ದರ್ಜಿಯಮ್ಮ ಹೆಮ್ಮಿಂಗ್ ಮಾಡುವ ಬಟ್ಟೆ ಹಿಡಿದುಕೊಂಡು ಬರುತ್ತಾಳೆ. ಡ್ಯೂಟಿ ಮುಗಿಸಿದ ನರ್ಸಮ್ಮ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂರುತ್ತಾಳೆ. ನಾನು ಅಂದಿನ ಊರಿನ ಲೋಟದಲ್ಲಿ ನನ್ನ ಕಾಫಿ ಬಗ್ಗಿಸಿಕೊಂಡು ಬರುತ್ತೇನೆ. ಲೋಟ ನೋಡಿದ ಕೂಡಲೇ ದರ್ಜಿಯಮ್ಮ ಕೇಳುತ್ತಾಳೆ, "ಓ, ಇವತ್ತು ಮಗ್ಗಿನ ಊರಾ?"

ಮಗ್ಗಿನ ಊರಿನ ಬಗ್ಗೆ ಇವರು ಹೇಳಿದ್ದು, ಚಳಿಗೆ ಗ್ರೀಸ್ ಕಲ್ಲಾಗಿತ್ತು ಎಂದು. ಅಷ್ಟು ಸಾಕು. ಆ ಊರಿನ ಗುಮಾಸ್ತರು ಹೆಪ್ಪುಗಟ್ಟಿದ ಬೀದಿಯಲ್ಲಿ ಜಾರಿಕೊಂಡೇ ಆಫೀಸಿಗೆ ಹೋಗುವುದು, ಆಫೀಸು ದಾಟಿ ಮುಂದಕ್ಕೆ ಜಾರಿದವರಿಗೆ ಅರ್ಧ ದಿನದ ರಜೆ ಕೊಡುವುದು, ಎಲ್ಲವನ್ನೂ ನಾನು ನೋಡಿದೆ. ಚಿನ್ನದ ಅಂಚಿನ ಊರಿನವರು ಮೆತ್ತಗೆ ಮಾತಾಡುತ್ತಾರೆ ಎಂದಿದ್ದರು. ಅಲ್ಲಿ ತರಕಾರಿ ಮಾರುವವನು ಕೂಗುವುದಿಲ್ಲ, ಮನೆಮನೆಯ ಬಾಗಿಲಿಗೆ ಬಂದು ಕಿವಿಯಲ್ಲಿ ಹೇಳಿ ಹೋಗುತ್ತಾನೆ. ಇದನ್ನು ಸುಳ್ಳು ಎನ್ನುವವರು ಎನ್ನಲಿ. ಇವರು ತಂದ ಬೀಜ ಬಿತ್ತಿ ನಾನು ಬೆಳೆ ತೆಗೆದೆ, ಅಷ್ಟೆ.

ಎಲ್ಲಕ್ಕಿಂತ ಹೆಸರಾದದ್ದು ನೀಲಿ ಲೋಟದ ಊರು. ಆ ಕೆಲಸದಲ್ಲಿ ಇವರು ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದರು. ಬಂದ ಮೇಲೆ ಹೇಗಿತ್ತು ಎಂದರೆ, ಎಂದೂ ಇಲ್ಲದೆ ಮೂರು ಮಾತು ಹೇಳಿದರು. "ನೀರು. ಹಲಗೆ. ದೀಪ." ನೀರಿನಿಂದ ನಾನು ಹೊಳೆ ಮಾಡಿದೆ. ಹಲಗೆಯಿಂದ ಏಳು ಕಮಾನಿನ ಸೇತುವೆ ಕಟ್ಟಿದೆ. ದೀಪಗಳನ್ನು ಸೇತುವೆಯ ಉದ್ದಕ್ಕೂ ಸಾಲಾಗಿ ಹಚ್ಚಿಟ್ಟೆ. ಆ ಊರಿನಲ್ಲೊಂದು ರೂಢಿ: ಜಗಳವಾಡಿದ ಗಂಡ ಹೆಂಡತಿ ಸೇತುವೆಯ ಒಂದೊಂದು ತುದಿಯಿಂದ ನಡೆದು ಬರಬೇಕು, ನಡುವೆ ಸಿಕ್ಕಮೇಲೆ ಒಟ್ಟಿಗೇ ಮನೆಗೆ ಹೋಗಬೇಕು, ಬಂದ ದಾರಿಗೆ ಯಾರೂ ಹಿಂದಿರುಗುವ ಹಾಗಿಲ್ಲ. ಇದನ್ನು ಕೇಳಿದ ದಿನವೇ ನರ್ಸಮ್ಮ ಬಹಳ ದಿನದಿಂದ ಮಾತು ಬಿಟ್ಟಿದ್ದ ಗಂಡನಿಗೆ ತಾನಾಗಿ ಕಾಫಿ ಕೊಟ್ಟಳು. ಇಲ್ಲದ ಸೇತುವೆ ಇದ್ದ ಸಂಸಾರವನ್ನು ಉಳಿಸಿತು. ಇರುವ ಸೇತುವೆಗಳಲ್ಲಿ ಎಷ್ಟು ಈ ಕೆಲಸ ಮಾಡಿವೆಯೋ ನಾನರಿಯೆ.

ಈ ಸಂತೋಷದಲ್ಲಿ ಕಲ್ಲಿನ ಹಾಗೆ ಕೂತವಳು ನನ್ನ ಓರಗಿತ್ತಿ. ಮೈದುನನದು ಟೈಲ್ಸ್ ಅಂಗಡಿ, ವ್ಯಾಪಾರ ಚೆನ್ನಾಗಿದೆ, ಕೆಳಗಿನ ಮಹಡಿಯಲ್ಲೇ ಮನೆ. ಗಂಡ ಹೆಂಡತಿ ಪ್ರತಿ ವರ್ಷ ಪ್ಯಾಕೇಜ್ ಟೂರ್ ಹೋಗುತ್ತಾರೆ. ಬಂದ ಮೇಲೆ ಅವಳು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಫೋಟೋ ತೋರಿಸುತ್ತಾಳೆ. ಎಲ್ಲ ಫೋಟೋದಲ್ಲೂ ಮುಂದೆ ಅವಳ ಮುಖ, ಕಿವಿಯ ಹಿಂದೆ ಓಲೆಯಷ್ಟು ದೊಡ್ಡ ಊರು. ದರ್ಜಿಯಮ್ಮ ನಾಲ್ಕು ಫೋಟೋ ನೋಡಿ, "ಈ ರವಿಕೆ ನಾನು ಹೊಲಿದಿದ್ದಲ್ವಾ" ಎಂದು ಹೇಳಿ ನನ್ನ ಕಡೆಗೆ ತಿರುಗುತ್ತಿದ್ದಳು. "ಅಕ್ಕ, ನೀಲಿ ಲೋಟ ತಗೊಂಡು ಬನ್ನಿ." ನಿಜಕ್ಕೂ ಹೋಗಿ ಬಂದವಳಿಗಿಂತ ಮಂಡಿ ನೋವಿನವಳ ಊರು ಚೆನ್ನಾಗಿದ್ದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಅವಳ ಜಾಗದಲ್ಲಿ ನಾನಿದ್ದರೆ ಇನ್ನೂ ಹೆಚ್ಚು ಉರಿದುಕೊಳ್ಳುತ್ತಿದ್ದೆ.

ಇವರು ರಿಟೈರ್ ಆದರು. ಕಂಪನಿಯವರು ಹಾರ ಹಾಕಿ, ನೀವು ಕೆಲಸ ಮಾಡಿದ ಊರುಗಳಲ್ಲಿ ಯಾವುದಾದರೂ ಒಂದಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ಟಿಕೆಟ್ಟು ನಮ್ಮದು ಎಂದರಂತೆ. ಇವರು ಮನೆಗೆ ಬಂದು ಹಾರವನ್ನು ಗೂಟಕ್ಕೆ ಹಾಕಿ ಹೇಳಿದರು, "ಊರು ಹೇಳ್ಬಿಟ್ಟು ಬಂದೆ."

"ಯಾವ ಊರು?"

"ನೀಲಿ ಲೋಟದ್ದು."

ಬೇರೆ ಯಾವ ಊರಾದರೂ ನಿಭಾಯಿಸಬಹುದಿತ್ತು. ಜಾರುವ ಬೀದಿ ಬೇಸಿಗೆಯಲ್ಲಿ ಕರಗಿತು ಅನ್ನಬಹುದಿತ್ತು. ಹೊಳೆಯನ್ನು ಎಲ್ಲಿಂದ ತರುವುದು? ಇವರಿಗೆ ಹೇಳೋಣವೆಂದರೆ ನಾನು ಕಟ್ಟಿದ ಊರುಗಳ ಸುದ್ದಿಯೇ ಇವರಿಗೆ ಗೊತ್ತಿಲ್ಲ. ಮನೆಯಲ್ಲಿದ್ದ ದಿನಗಳಲ್ಲಿ ಉಂಡ ಕೂಡಲೇ ಬಾಗಿಲ ಹಿಂದಿನ ಮಂಚದ ಮೇಲೆ ಮಲಗಿದರೆ ಸಂಜೆಗೇ ಏಳುವುದು. ಮಂಡಿನೋವು ಎಂದೆ. "ಅಲ್ಲಿ ಎಲ್ಲಾ ಕಡೆ ಲಿಫ್ಟ್ ಇದೆ" ಎಂದರು. ಜೀವಮಾನದಲ್ಲಿ ಮೊದಲ ಸಲ ಇವರ ಕಸುಬು ನನ್ನ ಕುತ್ತಿಗೆಗೆ ಬಂತು.

ಸುದ್ದಿ ಕೇಳಿ ಓರಗಿತ್ತಿ ಅವತ್ತೇ ಮೆಟ್ಟಿಲು ಹತ್ತಿ ಬಂದಳು. "ನಾವೂ ಬರ್ತೀವಿ ಅಕ್ಕ. ಭಾವ ಇರ್ಬೇಕಾದ್ರೆ ಗೈಡ್ ಯಾಕೆ? ನಾವಿಬ್ರೂ ಆ ಸೇತುವೆ ಮೇಲೆ ನಿಂತು ಒಂದು ಫೋಟೋ ತೆಗೆಸ್ಕೊಳ್ಳೋಣ."

"ಆಗಲಿ ಕಣಮ್ಮ" ಎಂದೆ. ಬೇರೇನು ಹೇಳಲಿ? ದರ್ಜಿಯಮ್ಮ ನನಗೆಂದು ಹೊಸ ರವಿಕೆ ಹೊಲಿದುಕೊಟ್ಟಳು, ಸೇತುವೆಯ ಮೇಲೆ ಗಾಳಿ ಜಾಸ್ತಿ ಎಂದು ತೋಳು ಉದ್ದ ಇಟ್ಟಿದ್ದಳು.

ನೀಲಿ ಲೋಟದ ಊರಿನಲ್ಲಿ ಮೊದಲ ಬೆಳಿಗ್ಗೆ ನಾವು ನಾಲ್ವರೂ ಹೋಟೆಲಿನ ಬಾಗಿಲಲ್ಲಿ ನಿಂತೆವು. ಎಲ್ಲರೂ ಇವರ ಮುಖ ನೋಡಿದೆವು. ಇವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, "ಈ ಕಡೆ" ಎಂದು ಹೊರಟರು. ಸ್ವಲ್ಪ ಹೊತ್ತು ನಡೆದ ಮೇಲೆ ಅದೇ ಹೋಟೆಲಿನ ಹಿತ್ತಲಿಗೆ, ಕಸದ ಡಬ್ಬಿಗಳ ನಡುವೆ ಬಂದು ನಿಂತಿದ್ದೆವು. "ಭಾವಂಗೆ ಒಳದಾರಿಗಳೆಲ್ಲ ಗೊತ್ತು" ಎಂದಳು ಓರಗಿತ್ತಿ. ಆ ಡಬ್ಬಿಗಳ ಮುಂದೆಯೂ ಒಂದು ಫೋಟೋ ತೆಗೆದುಕೊಂಡಳು.

ಊರನ್ನು ನೋಡಿದೆವು ಎಂದೇ ಇಟ್ಟುಕೊಳ್ಳಿ. ದೊಡ್ಡದೊಂದು ಅರಮನೆಯಲ್ಲಿ ಎಲ್ಲರೂ ಕತ್ತೆತ್ತಿ ಚಾವಣಿಯ ಚಿತ್ರ ನೋಡುತ್ತಿದ್ದರೆ ನಮ್ಮ ಮೈದುನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಬೆರಳು ಆಡಿಸುತ್ತಿದ್ದ. "ಈ ಜಾಯಿಂಟ್ ನೋಡಿ ಅತ್ತಿಗೆ, ಕೂದಲು ತೂರಲ್ಲ." ಕಾವಲಿನವನು ಬಂದು ಏನು ಕಳೆದುಹೋಯಿತು ಎಂದು ಕೈಸನ್ನೆಯಲ್ಲಿ ಕೇಳಿ ತಾನೂ ಬಗ್ಗಿ ಹುಡುಕತೊಡಗಿದ. ಗೋಪುರದ ಬುಡದಲ್ಲಿ ಓರಗಿತ್ತಿ ಗೋಪುರಕ್ಕೆ ಬೆನ್ನು ಹಾಕಿ ನಿಂತಳು, ಅಲ್ಲಿಂದ ಹೊರಡುವ ತನಕ ತಿರುಗಿ ನೋಡಲಿಲ್ಲ. ನಮ್ಮವರು ಗೋಪುರದ ಲಿಫ್ಟಿನ ಗೋಡೆಗೆ ಕಿವಿ ಕೊಟ್ಟು, "ರೋಲರ್ ಸವೆದಿದೆ" ಎಂದರು.

ನಾನೇನು ನೋಡಿದೆ ಎಂದು ಕೇಳಿದರೆ, ಸತ್ಯ ಹೇಳುತ್ತೇನೆ, ನನಗೆ ಬೇಜಾರಾಯಿತು. ಅಲ್ಲಿಯವರೂ ಬಸ್ಸಿನ ಹಿಂದೆ ಓಡುತ್ತಾರೆ. ಅಲ್ಲಿಯೂ ತಾಯಂದಿರು ಅಂಗಡಿಯ ಮುಂದೆ ಅಳುವ ಮಗುವನ್ನು ದರದರ ಎಳೆದುಕೊಂಡು ಹೋಗುತ್ತಾರೆ. ಬಾಲ್ಕನಿಯಲ್ಲಿ ಒಳಲಂಗ ಒಣಗುತ್ತದೆ. ಜಾರುವವರಿಲ್ಲ, ಕಿವಿಯಲ್ಲಿ ಹೇಳುವವರಿಲ್ಲ, ರಾಜಿಯಾಗುವ ಗಂಡ ಹೆಂಡಿರಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ಕೇಳಿದ್ದೆ, ಹತ್ತಿರ ಹೋದರೆ ಅದು ನಮ್ಮ ಬೀದಿಯಷ್ಟೇ ತರಿತರಿ ಎಂದು ಯಾರೂ ಹೇಳಿರಲಿಲ್ಲ. ನಾನು ಕಟ್ಟಿದ ಊರು ಇದಕ್ಕಿಂತ ಎಷ್ಟೋ ಮೇಲಿತ್ತು.

ಆ ಸಂಜೆ ಓರಗಿತ್ತಿ ಹೋಟೆಲಿನ ಕೌಂಟರಿಗೆ ಹೋಗಿ ಫೋನಿನಲ್ಲಿ ಮಾತಾಡಿದಳು. ಅವಳು ನಮ್ಮ ಭಾಷೆಯಲ್ಲಿ ಹೇಳಿದ್ದನ್ನು ಫೋನು ಅವರ ಭಾಷೆಯಲ್ಲಿ ಹೇಳುತ್ತದೆ. ಹೊಳೆ ಎಲ್ಲಿದೆ ಎಂದು ಫೋನು ಕೇಳಿತು. ಕೌಂಟರಿನ ಹುಡುಗಿ ನಕ್ಷೆ ಬಿಡಿಸಿದಳು, ಬೆರಳಿಟ್ಟು ತೋರಿಸಿದಳು. ಫೋನು ಯಾವ ದಾಕ್ಷಿಣ್ಯವೂ ಇಲ್ಲದ ದನಿಯಲ್ಲಿ ಹೇಳಿತು: "ಈ ನಗರದಲ್ಲಿ ನದಿ ಇಲ್ಲ. ಹತ್ತಿರದ ನದಿಗೆ ರೈಲಿನಲ್ಲಿ ಅರ್ಧ ದಿನ."

ಓರಗಿತ್ತಿ ನನ್ನ ಕಡೆಗೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಕನಿಕರವನ್ನು ನಾನು ಎಂದೂ ಕಂಡಿರಲಿಲ್ಲ. "ಒಣಗಿ ಹೋಗಿರ್ಬೇಕು ಬಿಡಿ ಅಕ್ಕ."

"ಇರಬಹುದು."

"ಸೇತುವೇನೂ ಒಣಗಿರ್ಬೇಕು."

ಮೈದುನ ಕೆಮ್ಮಿದ. ಅವಳು ನಕ್ಷೆಯನ್ನು ನೀಟಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. "ದರ್ಜಿಯಮ್ಮಂಗೆ ಬೇಜಾರಾಗುತ್ತೆ ಪಾಪ. ನಾನೇ ಮೆತ್ತಗೆ ಹೇಳ್ತೀನಿ, ನೀವು ತಲೆ ಕೆಡಿಸ್ಕೋಬೇಡಿ." ಇವರು ಪಕ್ಕದಲ್ಲೇ ನಿಂತು ಹೋಟೆಲಿನ ಲಿಫ್ಟಿನ ಬಾಗಿಲು ಮುಚ್ಚುವುದನ್ನೇ ನೋಡುತ್ತಿದ್ದರು.

ರೂಮಿಗೆ ಬಂದು ಮಂಚದ ಮೇಲೆ ಕೂತೆ. ಸುಳ್ಳು ಸಿಕ್ಕಿಬಿತ್ತೆಂದು ನನಗೆ ನಾಚಿಕೆಯಾಗಲಿಲ್ಲ, ಭಯವಾಯಿತು. ವರ್ಷದಲ್ಲಿ ಮುಕ್ಕಾಲು ಪಾಲು ಗಂಡಸಿಲ್ಲದ ಮನೆಯಾಗಿತ್ತು ನನ್ನದು. ಆ ಮನೆಗೆ ಜನ ಮೂರು ಮಹಡಿ ಹತ್ತಿ ಬರುತ್ತಿದ್ದದ್ದು ನನ್ನ ಮುಖ ನೋಡಲಿಕ್ಕಲ್ಲ, ಆ ಲೋಟಗಳಿಗಾಗಿ. ಒಂದು ಊರು ಸುಳ್ಳಾದರೆ ಎಲ್ಲ ಊರೂ ಸುಳ್ಳಾಗುತ್ತವೆ. ಆಮೇಲೆ ದರ್ಜಿಯಮ್ಮ ತನ್ನ ಮನೆಯಲ್ಲೇ ಕೂತು ಹೆಮ್ಮಿಂಗ್ ಮಾಡುತ್ತಾಳೆ, ನರ್ಸಮ್ಮ ನೇರ ಮನೆಗೆ ಹೋಗಿ ಮಲಗುತ್ತಾಳೆ, ಗಂಡನ ಜೊತೆ ಮತ್ತೆ ಜಗಳವಾಡಿದರೂ ಆಡಬಹುದು. ನಾನು ಖಾಲಿ ಬೆಂಚಿನ ಮೇಲೆ ಕೂತು ಕಿಟಕಿ ನೋಡಬೇಕು. ನಾನು ಪ್ರಪಂಚ ಕಂಡದ್ದು ಅಲ್ಲಿ, ಆ ಮೆಟ್ಟಿಲ ತಿರುವಿನಲ್ಲಿ. ಅದು ಹೋದರೆ ನನಗೆ ಬೇರೆ ಊರಿಲ್ಲ.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಓರಗಿತ್ತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೇಳಿದಳು, "ಇವತ್ತು ಎಲ್ಲಿಗೆ ಭಾವ?"

"ಹೊಳೆ ಹತ್ರ" ಎಂದರು ಇವರು.

ನನ್ನ ಕೈಯ ಚಮಚ ಕೆಳಗೆ ಬಿತ್ತು. ಓರಗಿತ್ತಿ ಬೆಣ್ಣೆಯ ಚಾಕುವನ್ನು ಗಾಳಿಯಲ್ಲೇ ನಿಲ್ಲಿಸಿದಳು. ಇವರು ಬಾಯಿ ಒರೆಸಿಕೊಂಡು ಎದ್ದರು. ಈ ಮನುಷ್ಯನಿಗೆ ಹೊಳೆಯ ವಿಷಯ ನಿನ್ನೆ ಕೌಂಟರಿನಲ್ಲಿ ಗೊತ್ತಾಗಿದೆ, ನನ್ನ ಮಾನ ಉಳಿಸಲು ಏನೋ ಹುಚ್ಚಾಟಕ್ಕೆ ಇಳಿದಿದ್ದಾರೆ, ಅರ್ಧ ದಿನ ರೈಲಿನಲ್ಲಿ ಕೂರಿಸುತ್ತಾರೆ ಎಂದು ನಾನು ಬಗೆದೆ.

ಹೊರಗೆ ಒಂದು ವ್ಯಾನು ನಿಂತಿತ್ತು. ಅದರಿಂದ ದಪ್ಪ ಮೀಸೆಯ ಒಬ್ಬ ಇಳಿದು ಬಂದು ನಮ್ಮವರನ್ನು ತಬ್ಬಿ ನೆಲದಿಂದ ಮೇಲಕ್ಕೆತ್ತಿದ. ಇಲ್ಲಿನ ಕೆಲಸದಲ್ಲಿ ಇವರ ಜೊತೆಗಿದ್ದ ವೆಲ್ಡರಂತೆ, ಕಂಪನಿಯ ಕಡೆಯಿಂದ ಇವರು ಹೇಳಿ ಕಳಿಸಿದ್ದರಂತೆ. ಈಗ ಅದೇ ಕಟ್ಟಡದ ಲಿಫ್ಟುಗಳನ್ನು ನೋಡಿಕೊಳ್ಳುತ್ತಾನಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಬ್ಬರು ಮುಷ್ಟಿ ಬಿಗಿದು ತಿರುಗಿಸಿದರೆ ಇನ್ನೊಬ್ಬ ಅಂಗೈಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದ, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಇಷ್ಟು ವರ್ಷ ಇವರ ಜೊತೆ ಒಂದೇ ಭಾಷೆ ಆಡಿಕೊಂಡು ನಾನು ಪಡೆದ ಮಾತಿಗಿಂತ ಅದು ಹೆಚ್ಚಿತ್ತು, ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ವ್ಯಾನಿನ ಹಿಂಬದಿಗೆ ಕಿಟಕಿ ಇರಲಿಲ್ಲ. ಇವರು ಪೆಟ್ಟಿಗೆಯೊಂದರ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ನಡೆದು ಹೋದರೆ ಕಸದ ಡಬ್ಬಿಗೆ ಮುಟ್ಟಿಸಿದ ಮನುಷ್ಯನಿಗೆ ಈಗ ಊರು ಗೊತ್ತಾಗತೊಡಗಿತು. "ಈಗ ಹಳ್ಳ" ಎಂದರು. ವ್ಯಾನು ಎತ್ತಿ ಹಾಕಿತು. "ಈಗ ಬಲಕ್ಕೆ ವಾಲ್ತೀವಿ, ಹಿಡ್ಕೊಳ್ಳಿ." ವಾಲಿದೆವು, ಮೈದುನ ಹಿಡಿದುಕೊಳ್ಳದೆ ನನ್ನ ಮೇಲೆ ಬಿದ್ದ. "ಈಗ ಬೇಕರಿ." ಎರಡು ಉಸಿರಿನಲ್ಲಿ ಬೆಂದ ಬ್ರೆಡ್ಡಿನ ವಾಸನೆ ಬಂತು. ಇವರ ಮುಖದಲ್ಲಿ ಹಳೆಯ ನೆಂಟರ ಮನೆಗೆ ಹೋಗುವಾಗಿನ ಕಳೆ ಇತ್ತು. ಊರಿನ ವಿಷಯ ಹೇಳಿ ಎಂದು ನಾನು ಪೀಡಿಸುತ್ತಿದ್ದಾಗ ಇದನ್ನು ಹೇಳಬಹುದಿತ್ತಲ್ಲ ಎಂದುಕೊಂಡೆ. ಇದೂ ಊರೇ ಎಂದು ಬಹುಶಃ ಇವರಿಗೇ ಗೊತ್ತಿರಲಿಲ್ಲ.

ಕಟ್ಟಡ ದೊಡ್ಡದು, ಆಫೀಸುಗಳದ್ದು. ನೆಲ ಕಂಡ ಕೂಡಲೇ ಮೈದುನ ಕುಕ್ಕರುಗಾಲಿನಲ್ಲಿ ಕೂತ, ಅವನನ್ನು ಅಲ್ಲೇ ಬಿಟ್ಟೆವು. ಕಟ್ಟಡದ ಅಡಿಗೆ ಇಳಿದು, ಮೂಲೆಯ ಲಿಫ್ಟಿನ ಮುಂದೆ ನಿಂತೆವು. ವೆಲ್ಡರು ಅದನ್ನು ಮೇಲೆ ನಿಲ್ಲಿಸಿ ಬಂದು, ಮೂರು ಮೂಲೆಯ ಕೀಲಿಯೊಂದನ್ನು ತೂರಿಸಿ ಬಾಗಿಲು ತೆರೆದ. ಒಳಗೆ ಲಿಫ್ಟ್ ಇಲ್ಲ, ಬರಿಯ ಕತ್ತಲೆ. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು.

"ಬಾ" ಎಂದರು ಇವರು.

"ಎಲ್ಲಿಗೆ ರೀ?"

"ಹೊಳೆ ನೋಡೋಕೆ."

ಗೋಡೆಗೆ ಕಬ್ಬಿಣದ ಏಣಿ ಇತ್ತು. ಇವರು ಮೊದಲು ಇಳಿದು, ನನ್ನ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ಒಂದೊಂದು ಮೆಟ್ಟಿಲಿಗೆ ಇಟ್ಟರು. ಮದುವೆಯಾದಂದಿನಿಂದ ಇವರು ನನ್ನ ಪಾದ ಮುಟ್ಟಿದ್ದು ಅದೇ ಮೊದಲು. ನಾಲ್ಕಾರು ಮೆಟ್ಟಿಲು ಇಳಿದ ಮೇಲೆ ಒಂದು ಹಲಗೆ ಕಾಲಿಗೆ ಸಿಕ್ಕಿತು. ವೆಲ್ಡರು ಮೇಲಿನಿಂದ ಟಾರ್ಚ್ ಬಿಟ್ಟ.

ಕೆಳಗೆ ನೀರಿತ್ತು. ಕಣಕಾಲು ಮುಳುಗುವಷ್ಟು, ಕಪ್ಪು ನೀರು. ಗೋಡೆಯ ಬಿರುಕಿನಿಂದ ಜಿನುಗಿ ಬಂದು ಮೂಲೆಯ ಪಂಪಿನ ಕಡೆಗೆ ಹೋಗುತ್ತಿತ್ತು. ಅದರ ಮೇಲೆ ಅಡ್ಡಲಾಗಿ ಹಲಗೆ. ಅದರ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಇವರು.

"ಇದೇ" ಎಂದರು. "ಎಷ್ಟು ತೆಗೆದ್ರೂ ಬರ್ತಾನೇ ಇತ್ತು. ಹಲಗೆ ಹಾಕ್ಕೊಂಡು, ಸುತ್ತ ದೀಪ ಕಟ್ಕೊಂಡು ಕೆಲಸ ಮಾಡಿದ್ವಿ. ಅದಕ್ಕೇ ಅಷ್ಟು ತಿಂಗಳು ಹಿಡೀತು."

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ನನ್ನ ಹೊಳೆ ಒಂದು ಬಕೆಟ್ಟಿಗೆ ಸ್ವಲ್ಪ ಹೆಚ್ಚು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಈ ಗುಂಡಿಯಲ್ಲಿ ನಿಂತು ಈ ಮನುಷ್ಯ ತಿಂಗಳುಗಟ್ಟಲೆ ಕೆಲಸ ಮಾಡಿದ್ದಾರೆ, ನಾನು ಮೇಲೆ ದೀಪ ಹಚ್ಚಿಕೊಂಡು ಕಾಫಿ ಕುಡಿದಿದ್ದೇನೆ.

"ನಾನು ಹೊಳೆ ಅಂತ ಹೇಳ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಬಾಗಿಲ ಹಿಂದೇನೇ ಮಲಗಿರ್ತಿದ್ದೆನಲ್ಲೇ."

"ನಿದ್ದೆ ಮಾಡ್ತಿರಲಿಲ್ವಾ?"

"ನಿದ್ದೆ ಬಂದ್ರೂ ತಡೀತಿದ್ದೆ." ಇವರು ನೀರಿನ ಕಡೆಗೇ ನೋಡುತ್ತಿದ್ದರು. "ನಾನು ಹೋದ ಊರುಗಳನ್ನ ನಾನು ನೋಡಿದ್ದು ನಿನ್ನಿಂದ. ಅದಿಲ್ಲದಿದ್ರೆ ಎಲ್ಲಾ ಒಂದೇ ಶಾಫ್ಟು. ಮುಂದಿನ ಸಲ ಹೋಗೋವಾಗ ಒಂದೆರಡು ಮಾತು ಜಾಸ್ತಿ ತರ್ಬೇಕು ಅಂದ್ಕೊಳ್ತಿದ್ದೆ. ಬಾಯಿಗೆ ಬರ್ತಿರಲಿಲ್ಲ."

ನಾನು ಹಲಗೆಯ ಮೇಲೆ ಎರಡು ಹೆಜ್ಜೆ ಮುಂದೆ ಹೋದೆ. ಇವರೂ ಬಂದರು. ಹಲಗೆ ನಡುವೆ ಬಗ್ಗಿ ನೀರಿಗೆ ತಾಗಿತು, ನನ್ನ ಹೊಸ ಚಪ್ಪಲಿ ನೆನೆಯಿತು.

"ಏನಿದೆ ಅಕ್ಕ ಕೆಳಗೆ?" ಮೇಲಿನಿಂದ ಓರಗಿತ್ತಿಯ ದನಿ ಇಡೀ ಶಾಫ್ಟಿನಲ್ಲಿ ತಿರುಗಿ ಬಂತು. ಬಾಗಿಲಿನಿಂದ ಬಗ್ಗಿ ಕೈ ಚಾಚಿ ಒಂದು ಫೋಟೋ ತೆಗೆದಳು. ಜೀವನದಲ್ಲಿ ಅವಳ ಮುಖವಿಲ್ಲದ ಫೋಟೋ ಅವಳು ತೆಗೆದದ್ದು ಅದೊಂದೇ ಇರಬೇಕು.

ಊರಿಗೆ ಬಂದ ಮಾರನೆಯ ಮಧ್ಯಾಹ್ನ ಬೆಂಚು ತುಂಬಿತ್ತು. ದರ್ಜಿಯಮ್ಮ ಬಟ್ಟೆ ತಂದಿರಲಿಲ್ಲ, ಬರಿಗೈಯಲ್ಲಿ ಬಂದು ಕೂತಿದ್ದಳು. ನರ್ಸಮ್ಮ ಆ ದಿನ ಡ್ಯೂಟಿ ಬದಲಾಯಿಸಿಕೊಂಡಿದ್ದಳಂತೆ. ಓರಗಿತ್ತಿ ಎಲ್ಲರಿಗಿಂತ ಮೊದಲೇ ಬಂದು ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ನಕ್ಷೆ. ನಾನು ನೀಲಿ ಲೋಟದಲ್ಲಿ ಕಾಫಿ ಹಿಡಿದು ಬಂದೆ.

"ಹೇಳಿ ಅಕ್ಕ" ಎಂದಳು ದರ್ಜಿಯಮ್ಮ. "ಹೇಗಿತ್ತು?"

ಬಾಯಿ ತೆರೆದೆ. ಇಷ್ಟು ದಿನ ಇಲ್ಲದ ಊರುಗಳು ನಾ ಮುಂದು ತಾ ಮುಂದು ಎಂದು ನಾಲಿಗೆಯ ತುದಿಗೆ ಬರುತ್ತಿದ್ದವು. ಈಗ ಹೋಗಿ ಬಂದಿದ್ದೇನೆ, ಕಣ್ಣಾರೆ ಕಂಡಿದ್ದೇನೆ. ಕಪ್ಪು ನೀರು, ಬಗ್ಗಿದ ಹಲಗೆ, ನನ್ನ ಪಾದದ ಕೆಳಗಿನ ಕೈ ನೆನಪಾದವು. ಅದರಲ್ಲಿ ಬೆಂಚಿನ ಮೇಲೆ ಇಡುವಂಥದ್ದು ಯಾವುದೂ ಇರಲಿಲ್ಲ.

"ಚೆನ್ನಾಗಿತ್ತು" ಎಂದೆ.

"ಚೆನ್ನಾಗಿತ್ತು ಅಂದ್ರೆ?"

ಬಾಗಿಲ ಹಿಂದೆ ಮಲಗಿರುತ್ತಿದ್ದ ಮನುಷ್ಯ ಇಷ್ಟು ವರ್ಷ ಇದೇ ಮಾತಿಗೆ ನನ್ನಿಂದ ಬೈಸಿಕೊಂಡಿದ್ದರು. ಓರಗಿತ್ತಿ ಇದಕ್ಕೇ ಕಾಯುತ್ತಿದ್ದವಳು ಬ್ಯಾಗಿನ ಜಿಪ್ಪು ಎಳೆದಳು. "ಅದು ಏನಾಯ್ತು ಅಂದ್ರೆ ದರ್ಜಿಯಮ್ಮ, ನಾವು ಹೋಗಿ ವಿಚಾರಿಸಿದ್ವಿ..."

ಬಾಗಿಲು ತೆರೆಯಿತು. ಇವರು ಬನಿಯನ್ನಿನಲ್ಲೇ ಹೊರಗೆ ಬಂದು ನಿಂತರು. ಈ ಬೆಂಚಿನ ಕಡೆಗೆ ಇವರು ಎಂದೂ ಬಂದವರಲ್ಲ. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು. ಇವರು ಗೋಡೆಗೆ ಒರಗಿ, ಹಣೆ ಉಜ್ಜಿ, ಬಾಯಿಪಾಠ ಒಪ್ಪಿಸುವವರ ಹಾಗೆ ಶುರು ಮಾಡಿದರು.

"ಹೊಳೆ ಇದೆ. ಊರಿನ ನಡುವೆ. ಹರೀತಾನೇ ಇರುತ್ತೆ, ಎಷ್ಟು ತೆಗೆದ್ರೂ ನಿಲ್ಲಲ್ಲ. ಸಂಜೆ ದೀಪ ಹಚ್ತಾರೆ." ಒಂದು ಸಲ ಉಗುಳು ನುಂಗಿದರು. "ಈ ಕಡೆಯಿಂದ ಇವಳು ಬಂದ್ಲು, ಆ ಕಡೆಯಿಂದ ನಾನು ಬಂದೆ."

"ಭಾವ, ಅಲ್ಲಿ ಹೊಳೆ..." ಎಂದಳು ಓರಗಿತ್ತಿ.

"ನೀನೇ ಫೋಟೋ ತೆಗೆದ್ಯಲ್ಲಮ್ಮ. ತೋರ್ಸು."

ದರ್ಜಿಯಮ್ಮ ಆಗಲೇ ಫೋನು ಕಿತ್ತುಕೊಂಡಿದ್ದಳು. ಫೋಟೋ ಪೂರ್ತಿ ಕಪ್ಪು. ನಡುವೆ ಟಾರ್ಚಿನ ಬೆಳಕು ಬಿದ್ದು ನೀರು ಒಂದಿಷ್ಟು ಮಿನುಗಿತ್ತು. ಅವಳು ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಕತ್ತಲಾದ್ಮೇಲೆ ತೆಗೆದದ್ದಾ? ದೀಪ ನೀರಲ್ಲಿ ಎಷ್ಟು ಚೆನ್ನಾಗಿ ಬಿದ್ದಿದೆ." ನರ್ಸಮ್ಮ ಕನ್ನಡಕ ಏರಿಸಿ ಬಗ್ಗಿದಳು. "ಅಗೋ, ಸೇತುವೆ ಕಾಣ್ತಿದೆ. ಅಡ್ಡ ಇದೆಯಲ್ಲ, ಅದು." ಹಲಗೆಯ ಅಂಚು ಅದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಈ ಹೆಂಗಸರು ಪರಾಂಬರಿಸಿ ನೋಡಿಯೇ ಸೇತುವೆ ಕಂಡರು.

ಓರಗಿತ್ತಿ ನಕ್ಷೆಯನ್ನು ಅರ್ಧ ಹೊರಗೆ ತೆಗೆದವಳು ಹಾಗೇ ಕೂತಳು. ಎಲ್ಲರೂ ಅವಳ ಫೋನಿನ ಸುತ್ತ ಮುತ್ತಿಕೊಂಡಿದ್ದರು. ಅವಳ ಯಾವ ಫೋಟೋಗೂ ಇಷ್ಟು ತಲೆಗಳು ಬಗ್ಗಿರಲಿಲ್ಲ. "ಫೋಟೋ ತೆಗೆಯೋವಾಗ ಕೈ ನಡುಗ್ತಿತ್ತು" ಎಂದಳು ಕೊನೆಗೆ. "ಗಾಳಿ ಅಂದ್ರೆ ಗಾಳಿ." ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದಳು.

"ತೋಳು ಉದ್ದ ಇಟ್ಟಿದ್ದು ಒಳ್ಳೇದಾಯ್ತು" ಎಂದಳು ದರ್ಜಿಯಮ್ಮ. ಆಮೇಲೆ ಇವರ ಕಡೆಗೆ ತಿರುಗಿದಳು. "ಸೇತುವೆ ದೊಡ್ಡದಾ ಅಣ್ಣ?"

ಇವರಿಗೆ ಹುರುಪು ಬಂದಿತ್ತು. ಎರಡು ಕೈಯನ್ನೂ ಅಗಲಿಸಿದರು. "ದೊಡ್ಡದು. ಎಂಟು ಕಮಾನು."

ನಾನು ನೀಲಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಎಂಟಲ್ಲ ರೀ," ಎಂದೆ, "ಏಳು."